ನಾರುಹುಣ್ಣು: ಮದ್ದಿಲ್ಲದೆ ಮರೆಯಾದ ರೋಗ

'ನಾರುಹುಣ್ಣು' ಎಂಬ ಮಾತನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಬಹುಶಃ ಬೆರಳೆಣಿಕೆಯಷ್ಟು ಜನ. ಮನೆಯಲ್ಲಿ ವಯಸ್ಸಾದ ಅಜ್ಜ ಅಜ್ಜಿಯರಿದ್ದು, ಅವರು ಕಲಬುರಗಿ, ರಾಯಚೂರು, ವಿಜಯಪುರ ಅಥವಾ ಚಿತ್ರದುರ್ಗದ ಕಡೆಯ ಹಳ್ಳಿಯವರಾಗಿದ್ದರೆ ಅವರ ಮುಂದೆ ಈ ಹೆಸರನ್ನು ಎತ್ತಿ ನೋಡಿ. ಕಾಲಿನಿಂದ ಬಿಳಿಯ ದಾರದಂತಹ ಹುಳು ಹೊರಬರುತ್ತಿದ್ದುದನ್ನೂ, ಅದನ್ನು ಕಡ್ಡಿಗೆ ಸುತ್ತಿಕೊಂಡು ತಿಂಗಳುಗಟ್ಟಲೆ ಜಗಲಿಯ ಮೇಲೆ ಕೂತಿರುತ್ತಿದ್ದವರನ್ನೂ ಅವರಲ್ಲಿ ಕೆಲವರಾದರೂ ಕಂಡಿರಬಹುದು.

ಸಾವಿರಾರು ವರ್ಷಗಳಿಂದ ಮನುಷ್ಯನನ್ನು ಕಾಡಿದ ಈ ರೋಗ ಭಾರತದಲ್ಲಿ ಕೊನೆಯ ಬಾರಿಗೆ ಕಾಣಿಸಿಕೊಂಡದ್ದು 1996ರಲ್ಲಿ. ಇಂದು ಅದರ ಹೆಸರೂ ಮರೆತುಹೋಗುತ್ತಿದೆ. ಆದರೆ ಅದು ಹೋದ ಬಗೆಯನ್ನು ಮಾತ್ರ ನಾವು ಮರೆಯಬಾರದು. ಸಿಡುಬನ್ನು ದಾಕು ಹಾಕಿ ಓಡಿಸಿದೆವು. ಪೋಲಿಯೋವನ್ನು ಮಕ್ಕಳ ಬಾಯಿಗೆ ಹನಿ ಹಾಕಿ ಓಡಿಸಿದೆವು. ನಾರುಹುಣ್ಣಿಗೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಮದ್ದೂ ಇರಲಿಲ್ಲ, ಇಂದಿಗೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದಂತೆ ತಡೆಯುವ ಶಕ್ತಿಯೂ ದೇಹದಲ್ಲಿ ಹುಟ್ಟುತ್ತಿರಲಿಲ್ಲ. ಹಾಗಿದ್ದರೂ ಅದು ಹೋಯಿತು. ಜನರು ನೀರು ತರುವ ಮತ್ತು ಕುಡಿಯುವ ಅಭ್ಯಾಸವನ್ನು ಬದಲಿಸಿಕೊಂಡರು. ಅದರ ಹಿಂದಿನ ಕಾರಣವನ್ನು ತಿಳಿದು ಬದಲಿಸಿಕೊಂಡರು. ಅಭ್ಯಾಸ, ಸಂಸ್ಕೃತಿ ಮತ್ತು ಕಲಿಕೆ ಈ ಮೂರೂ ಸೇರಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಹುಳುವಿನ ಜೀವನಚಕ್ರ

ಈ ರೋಗದ ಇತಿಹಾಸ ತಿಳಿಯಬೇಕಾದರೆ ಮೊದಲು ಹುಳುವಿನ ಜೀವನವನ್ನು ತಿಳಿಯಬೇಕು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿ ಇರುತ್ತದೆ. ಅದರ ತಲೆಯ ಮೇಲೆ ಒಂದೇ ಕಣ್ಣು. ಆದ್ದರಿಂದಲೇ ಗ್ರೀಕ್ ಪುರಾಣದ ಒಂಟಿಗಣ್ಣಿನ ದೈತ್ಯನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಹೆಸರು ದೈತ್ಯನದಾದರೂ ಅದರ ಉದ್ದ ಒಂದೆರಡು ಮಿಲಿಮೀಟರ್ ಅಷ್ಟೇ. ನಾರುಹುಳುವಿನ ಮರಿಗಳನ್ನು ಈ ಸೈಕ್ಲಾಪ್ಸ್ ತಿನ್ನುತ್ತದೆ. ಅದರ ಹೊಟ್ಟೆಯೊಳಗೆ ಮರಿಗಳು ಸುಮಾರು ಎರಡು ವಾರ ಬೆಳೆದು ಮನುಷ್ಯನಿಗೆ ಸೋಂಕು ತಗುಲಿಸುವ ಹಂತಕ್ಕೆ ಬರುತ್ತವೆ.

ಆ ನೀರನ್ನು ಸೋಸದೆ ಕುಡಿದವರ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಉಳಿಯುತ್ತದೆ. ಅದು ಕರುಳಿನ ಗೋಡೆಯನ್ನು ಕೊರೆದು ದೇಹದೊಳಗೆ ಸೇರುತ್ತದೆ. ಗಂಡು ಹುಳು ಕೂಡಿದ ಮೇಲೆ ಸಾಯುತ್ತದೆ. ಹೆಣ್ಣು ಹುಳು ಚರ್ಮದ ಕೆಳಗೆ ಚಲಿಸುತ್ತ 60ರಿಂದ 100 ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತದೆ. ನೀರು ಕುಡಿದ ಸುಮಾರು ಒಂದು ವರ್ಷದ ನಂತರ, ಹೆಚ್ಚಾಗಿ ಪಾದ ಅಥವಾ ಮೊಣಕಾಲಿನ ಕೆಳಗೆ ಒಂದು ಬೊಕ್ಕೆ ಏಳುತ್ತದೆ. ಬೆಂಕಿಯಿಟ್ಟಂತಹ ಉರಿ. ಉರಿ ತಾಳಲಾರದೆ ರೋಗಿ ಕಾಲನ್ನು ತಣ್ಣೀರಿಗೆ ಇಳಿಸುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ. ನೀರು ತಾಕಿದೊಡನೆ ಅದು ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಅವನ್ನು ತಿನ್ನುತ್ತದೆ. ಚಕ್ರ ಮತ್ತೆ ಮೊದಲಾಗುತ್ತದೆ.

ಹುಳು ಹೊರಬರತೊಡಗಿದ ಮೇಲೆ ಇದ್ದ ಉಪಾಯ ಒಂದೇ: ಅದರ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಕೆಲವೇ ಸೆಂಟಿಮೀಟರಿನಷ್ಟು ಹೊರತೆಗೆಯುವುದು. ಅವಸರಪಟ್ಟು ಎಳೆದರೆ ಹುಳು ತುಂಡಾಗಿ ಕಾಲು ಬಾತು, ಕೀವು ತುಂಬಿಕೊಳ್ಳುತ್ತಿತ್ತು. ಈ ರೋಗದಿಂದ ಸಾಯುವವರು ವಿರಳ, ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಏಳಲಾರದೆ ಮಲಗುವವರು ಬಹಳ. ಅದೂ ಯಾವಾಗ? ಬೇಸಿಗೆ ಕಳೆದು ಬಿತ್ತನೆಗೆ ಹೊಲ ಹದಮಾಡಬೇಕಾದ ಕಾಲದಲ್ಲಿ. ಮನೆಯ ಯಜಮಾನ ಮಲಗಿದರೆ ಆ ವರ್ಷದ ಬೆಳೆ ಹೋದಂತೆ. ತಾಯಿ ಮಲಗಿದರೆ ಮಗಳ ಶಾಲೆ ಬಿಟ್ಟಂತೆ. ಆಫ್ರಿಕದ ಮಾಲಿ ದೇಶದ ಡೋಗನ್ ಜನರು ಇದನ್ನು 'ಕಣಜ ಬರಿದಾಗಿಸುವ ರೋಗ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು.

ಒಂದು ವರ್ಷದ ಅಂತರ

ಇಷ್ಟು ಸ್ಪಷ್ಟವಾಗಿ ನೀರಿಗೆ ಸಂಬಂಧಿಸಿದ ರೋಗದ ಮೂಲ ನಮ್ಮ ಹಿರಿಯರಿಗೆ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಅವರು ರೋಗವನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು. ಆಯುರ್ವೇದದಲ್ಲಿ ಇದಕ್ಕೆ ಸ್ನಾಯುಕ ಎಂಬ ಹೆಸರಿದೆ. ಈಜಿಪ್ಟಿನಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಮಮ್ಮಿಯನ್ನು 1975ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಿಚ್ಚಿ ಪರೀಕ್ಷಿಸಿದಾಗ, ಅವಳ ದೇಹದಲ್ಲಿ ಸುಣ್ಣಗಟ್ಟಿದ ನಾರುಹುಳು ಕಂಡುಬಂದಿತು. ರೋಗದ ವಿದೇಶೀ ಹೆಸರುಗಳಲ್ಲಿ ಮದೀನಾ ನಗರದ ಹೆಸರೂ, ಆಫ್ರಿಕದ ಗಿನಿ ಕರಾವಳಿಯ ಹೆಸರೂ ಸೇರಿಕೊಂಡಿವೆ. ಅಂದರೆ ಜನ ಸಂಚರಿಸಿದ ದಾರಿಯಲ್ಲೆಲ್ಲ ಇದನ್ನು ಕಂಡು ಗುರುತಿಸಿದ್ದರು.

ತಿಳಿಯದೆ ಹೋದದ್ದು ಕಾರಣ. ಏಕೆಂದರೆ ಕುಡಿದ ನೀರಿಗೂ ಏಳುವ ಬೊಕ್ಕೆಗೂ ನಡುವೆ ಒಂದು ವರ್ಷದ ಅಂತರವಿದೆ. ಹಳಸಿದ ಅನ್ನ ಉಂಡು ಅಂದೇ ಹೊಟ್ಟೆ ಕೆಟ್ಟರೆ ಕಾರಣ ಹೊಳೆಯುತ್ತದೆ. ಹೋದ ಬೇಸಿಗೆಯಲ್ಲಿ ಕುಡಿದ ಒಂದು ಬೊಗಸೆ ನೀರಿನ ಫಲ ಈ ಬೇಸಿಗೆಯಲ್ಲಿ ಪಾದದಲ್ಲಿ ಕಾಣಿಸಿಕೊಂಡರೆ ಯಾರಿಗೆ ತಾನೇ ಹೊಳೆದೀತು? ಆದ್ದರಿಂದ ದೇವರ ಮುನಿಸು, ಮೈಯ ಉಷ್ಣ, ಕೆಟ್ಟ ರಕ್ತ ಎಂಬ ವಿವರಣೆಗಳು ಹುಟ್ಟಿಕೊಂಡವು. ಇದನ್ನು ಮೂಢತನ ಎಂದು ನಕ್ಕು ಬಿಡುವುದು ಸುಲಭ. ಆದರೆ ಕಣ್ಣಿಗೆ ಕಾಣುವ ಎರಡು ಸಂಗತಿಗಳ ನಡುವಿನ ಕಾಣದ ಕೊಂಡಿಯನ್ನು ಹುಡುಕಲು ಸೂಕ್ಷ್ಮದರ್ಶಕ ಬೇಕು, ಬರೆದಿಟ್ಟ ದಾಖಲೆ ಬೇಕು, ವರ್ಷಗಟ್ಟಲೆ ಕಾಯುವ ತಾಳ್ಮೆ ಬೇಕು.

ಚಿತ್ರದುರ್ಗದ ಬಾವಿಗಳಲ್ಲಿ

ಆ ತಾಳ್ಮೆಯ ಮೊದಲ ಫಲ ದೊರೆತದ್ದು 1870ರ ಸುಮಾರಿನಲ್ಲಿ. ರಷ್ಯಾದ ಯುವ ವಿಜ್ಞಾನಿ ಅಲೆಕ್ಸಿ ಫೆಡ್‌ಚೆಂಕೊ ಮಧ್ಯ ಏಷ್ಯಾದ ತುರ್ಕಿಸ್ತಾನದಲ್ಲಿ ಅಧ್ಯಯನ ನಡೆಸುತ್ತ, ನಾರುಹುಳುವಿನ ಮರಿಗಳು ಸೈಕ್ಲಾಪ್ಸಿನ ದೇಹವನ್ನು ಸೇರಿ ಅಲ್ಲಿ ಬೆಳೆಯುವುದನ್ನು ಕಂಡುಕೊಂಡನು. ರೋಗ ಕುಡಿಯುವ ನೀರಿನಿಂದ ಬರುತ್ತದೆ ಎಂಬ ತಿಳಿವಳಿಕೆಗೆ ಇದು ಅಡಿಪಾಯವಾಯಿತು.

ಈ ಕಥೆಯ ಮುಂದಿನ ಒಂದು ಮುಖ್ಯ ಅಧ್ಯಾಯ ನಮ್ಮ ನಾಡಿನಲ್ಲೇ ನಡೆದದ್ದು ಎಂಬುದು ಹಲವರಿಗೆ ತಿಳಿಯದು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ವಿ. ಎನ್. ಮೂರ್ತಿ ಎಂಬ ವಿಜ್ಞಾನಿ ಚಿತ್ರದುರ್ಗ ಜಿಲ್ಲೆಯ ಮೆಟ್ಟಿಲು ಬಾವಿಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಜಿಲ್ಲೆಯಲ್ಲಿ ರೋಗ ಹರಡಿದ ರೀತಿಯ ಬಗ್ಗೆ ಅವರು ಬರೆದ ಲೇಖನ 1932ರಲ್ಲಿ ಪ್ರಕಟವಾಯಿತು. ಬಾವಿಯ ನೀರಿನಲ್ಲಿ ಸಹಜವಾಗಿಯೇ ಸೋಂಕು ತಗುಲಿದ ಸೈಕ್ಲಾಪ್ಸ್‌ಗಳನ್ನು ಅವರು ಗುರುತಿಸಿದರು. ನಾಯಿಗಳಿಗೆ ಪ್ರಯೋಗದಿಂದ ಸೋಂಕು ತಗುಲುವುದನ್ನು ತೋರಿಸಿದರು. ಆಗ ಸಂಸ್ಥಾನದ ಆರೋಗ್ಯ ಕಾರ್ಯಕ್ಕೆ ನೆರವಾಗಲು ರಾಕ್‌ಫೆಲ್ಲರ್ ಪ್ರತಿಷ್ಠಾನದಿಂದ ಬಂದಿದ್ದ ಡಾ. ಸ್ವೀಟ್ ಅವರೊಡನೆ ಸೇರಿ, ಬಾವಿಗಳಿಗೆ ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನುಗಳನ್ನು ಬಿಟ್ಟು ರೋಗ ತಡೆಯುವ ಉಪಾಯವನ್ನೂ ಪರೀಕ್ಷಿಸಿದರು. ಆ ಕುರಿತ ಲೇಖನ 1936ರಲ್ಲಿ ಹೊರಬಂದಿತು. ಬಾವಿಯ ನೀರಿಗೆ ಬಲೆಯಿಳಿಸಿ, ಕಣ್ಣಿಗೆ ಕಂಡೂ ಕಾಣದ ಜೀವಿಗಳನ್ನು ಎಣಿಸುತ್ತ ಕುಳಿತ ಆ ಕೆಲಸದಲ್ಲಿ ಆಡಂಬರವಿರಲಿಲ್ಲ. ಆದರೆ ಮುಂದಿನ ಐವತ್ತು ವರ್ಷಗಳ ಪ್ರಯತ್ನಕ್ಕೆ ಇಂತಹ ಕೆಲಸವೇ ಬುನಾದಿ.

ಪಾವಟಿಗೆಯ ಬಾವಿ

ಕಾರಣ ತಿಳಿದ ಮಾತ್ರಕ್ಕೆ ರೋಗ ಹೋಗಲಿಲ್ಲ. ಏಕೆಂದರೆ ನಿಜವಾದ ತೊಡಕು ಇದ್ದದ್ದು ನೀರಿನ ಸುತ್ತ ಹೆಣೆದುಕೊಂಡಿದ್ದ ಬದುಕಿನಲ್ಲಿ.

ಬಯಲುಸೀಮೆಯಲ್ಲಿ ನೀರು ಅಪರೂಪ. ಅಲ್ಲಿ ನೆಲದಾಳದ ನೀರಿಗೆ ಮನುಷ್ಯನೇ ಇಳಿದುಹೋಗುವಂತೆ ಮೆಟ್ಟಿಲು ಕಟ್ಟಿದ ಬಾವಿಗಳು ಹುಟ್ಟಿಕೊಂಡವು. ಉತ್ತರ ಕರ್ನಾಟಕದವರು ಮೆಟ್ಟಿಲನ್ನು ಪಾವಟಿಗೆ ಎನ್ನುತ್ತಾರೆ. ಲಕ್ಕುಂಡಿಯ ಮುಸುಕಿನ ಬಾವಿ, ವಿಜಯಪುರದ ತಾಜ್ ಬಾವಡಿ ಇವನ್ನು ನೋಡಿದವರಿಗೆ ನಮ್ಮ ಪೂರ್ವಿಕರು ನೀರಿಗೆ ಕೊಟ್ಟ ಗೌರವ ಅರ್ಥವಾದೀತು. ಹಳ್ಳಿಯ ಸಾಮಾನ್ಯ ಪಾವಟಿಗೆ ಬಾವಿಯೂ ಬರಿಯ ನೀರಿನ ಗುಂಡಿಯಲ್ಲ. ಹೆಂಗಸರು ಸುಖದುಃಖ ಹಂಚಿಕೊಳ್ಳುತ್ತಿದ್ದದ್ದು ಅಲ್ಲಿ, ಮದುವೆಯಲ್ಲಿ ಗಂಗೆ ಪೂಜೆಗೆ ಹೋಗುತ್ತಿದ್ದದ್ದು ಅಲ್ಲಿಗೆ. ನೀರಿಗಿಳಿದವರು ಕೈಕಾಲು ತೊಳೆದುಕೊಂಡು ಕೊಡ ತುಂಬಿಸಿಕೊಳ್ಳುತ್ತಿದ್ದರು. ಅದು ಅವರ ಕಣ್ಣಿಗೆ ಶುಚಿತ್ವವೇ. ಆದರೆ ಹುಳು ಇಳಿಯುತ್ತಿದ್ದದ್ದು ಆ ಕಾಲಿನಿಂದ, ಏರುತ್ತಿದ್ದದ್ದು ಆ ಕೊಡದಿಂದ.

ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ಎಷ್ಟೋ ಹಳ್ಳಿಗಳಲ್ಲಿ ಊರ ಬಾವಿಗೆ ದಲಿತರಿಗೆ ಪ್ರವೇಶವೇ ಇರಲಿಲ್ಲ. ಅವರ ಪಾಲಿಗೆ ಉಳಿದದ್ದು ಹೊಂಡ, ಹಳ್ಳ, ತೋಡಿದ ವರತೆ. ಡಾ. ಅಂಬೇಡ್ಕರ್ ಅವರು 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಕೈಯಲ್ಲಿ ಎತ್ತಿಕೊಂಡು ಕುಡಿದದ್ದು ಈ ಕಾರಣಕ್ಕೇ ಅಷ್ಟು ದೊಡ್ಡ ಘಟನೆ. ನಾವು 'ಮಡಿ' ಎಂದು ಕರೆದುಕೊಂಡದ್ದು ಮನುಷ್ಯರನ್ನು ದೂರವಿಟ್ಟಿತು. ನೀರಿನೊಳಗಿನ ಹುಳುವನ್ನು ಅದು ದೂರವಿಡಲಿಲ್ಲ. ಮಡಿಗೂ ನೈರ್ಮಲ್ಯಕ್ಕೂ ಇರುವ ಈ ವ್ಯತ್ಯಾಸವನ್ನು ಅರಿಯುವುದು ನಮ್ಮ ಸಮಾಜದ ಆರೋಗ್ಯದ ಇತಿಹಾಸದಲ್ಲಿ ಬಹು ದೊಡ್ಡ ಪಾಠ.

ಬಟ್ಟೆಯ ತುಂಡು

1981ರಿಂದ 1990ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕವೆಂದು ಆಚರಿಸಿತು. ಅದೇ ಕಾಲದಲ್ಲಿ ಭಾರತವು ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡಿತು. 1984ರಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40 ಸಾವಿರ ರೋಗಿಗಳು ಪತ್ತೆಯಾದರು.

ಕೆಲಸ ಹಲವು ಮುಖವಾಗಿ ನಡೆಯಿತು. ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ, ಯಾರೂ ನೀರಿಗೆ ಇಳಿಯದಂತೆ ಸೇದುವ ಬಾವಿಗಳನ್ನಾಗಿ ಮಾಡಿದರು. ಕೊಳವೆಬಾವಿ ಕೊರೆದು ಕೈಪಂಪು ಕೂರಿಸಿದರು. ಹಳ್ಳಿಯವರ ಬಾಯಲ್ಲಿ ಅದು 'ಬೋರಿಂಗ್' ಆಯಿತು. ನೀರಿನಲ್ಲಿರುವ ಸೈಕ್ಲಾಪ್ಸ್ ಕೊಲ್ಲಲು ಟೆಮೆಫಾಸ್ ಎಂಬ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರು. ಇವೆಲ್ಲವೂ ಸರ್ಕಾರ ಮಾಡಬಹುದಾದ ಕೆಲಸಗಳು. ಉಳಿದ ಎರಡನ್ನು ಜನರೇ ಮಾಡಬೇಕಿತ್ತು: ಹುಳು ಎದ್ದವರು ಕುಡಿಯುವ ನೀರಿಗೆ ಕಾಲಿಡಬಾರದು, ಮನೆಗೆ ತಂದ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು.

ಸೈಕ್ಲಾಪ್ಸ್ ರೋಗಾಣುವಿನಷ್ಟು ಸಣ್ಣದಲ್ಲ. ಒತ್ತಾಗಿ ನೇಯ್ದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿದರೆ ಸಾಕು, ಅದು ಮೇಲೆಯೇ ಉಳಿಯುತ್ತದೆ. ಎಂತಹ ಬಡವರ ಮನೆಯಲ್ಲೂ ಒಂದು ತುಂಡು ಬಟ್ಟೆ ಇರುತ್ತದೆ. ಇಲ್ಲಿ ನಮ್ಮ ಸಂಸ್ಕೃತಿಯೇ ಕೈಹಿಡಿಯುವಂತಹ ಒಂದು ಸಂಗತಿಯಿದೆ. ನೀರನ್ನು ಸೋಸಿ ಕುಡಿಯುವುದು ಜೈನರಲ್ಲಿ ಬಹು ಪ್ರಾಚೀನ ನಿಯಮ. ಅವರ ಉದ್ದೇಶ ತಮ್ಮ ಆರೋಗ್ಯವಲ್ಲ, ನೀರಿನಲ್ಲಿರುವ ಸೂಕ್ಷ್ಮ ಜೀವಿಗಳಿಗೆ ಹಿಂಸೆಯಾಗಬಾರದೆಂಬುದು. ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಬೇಕೆಂಬ ವಿಧಿ ಹಳೆಯ ಧರ್ಮಶಾಸ್ತ್ರಗಳಲ್ಲೂ ಇದೆ. ಅಂದರೆ ಒಂದೇ ಪರಂಪರೆಯೊಳಗೆ ರೋಗ ತರುವ ರೂಢಿಯೂ ಇತ್ತು, ರೋಗ ತಡೆಯುವ ರೂಢಿಯೂ ಇತ್ತು. 'ಹಳೆಯದೆಲ್ಲ ಒಳ್ಳೆಯದು' ಎನ್ನುವವರಿಗೂ 'ಹಳೆಯದೆಲ್ಲ ಕೆಟ್ಟದ್ದು' ಎನ್ನುವವರಿಗೂ ಈ ಎರಡರ ನಡುವೆ ಆರಿಸಿಕೊಳ್ಳುವುದು ಸಾಧ್ಯವಾಗದು. ಆರಿಸಿಕೊಳ್ಳಲು ಕಾರಣ ತಿಳಿದಿರಬೇಕು.

ಹೇಳುವುದು, ತೋರಿಸುವುದು

ಅಭ್ಯಾಸ ಬದಲಿಸಿಕೊಳ್ಳಿ ಎಂದು ಹೇಳುವುದು ಸುಲಭ. ಮಾಧ್ಯಮದಲ್ಲಿ ಕೆಲಸ ಮಾಡುವ ನಮ್ಮಂಥವರು ಇದನ್ನು ಚೆನ್ನಾಗಿ ಬಲ್ಲೆವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸುವ 'ಸೈಟ್' ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಮುದಾಯ ಟೆಲಿವಿಷನ್‌ಗಳನ್ನು ಇರಿಸಲಾಗಿತ್ತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಅಂದಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಅಂದರೆ ನಾರುಹುಣ್ಣಿನ ನೋವು ಬಲ್ಲ ಸೀಮೆಯನ್ನೇ. ಆರೋಗ್ಯ, ಕೃಷಿ, ಮಕ್ಕಳಿಗೆ ವಿಜ್ಞಾನ ಆ ಕಾರ್ಯಕ್ರಮಗಳ ವಿಷಯಗಳಾಗಿದ್ದವು. ಶಾಲೆಯ ಅಂಗಳದಲ್ಲಿ ಊರಿಗೆ ಊರೇ ಸೇರಿ ನೋಡುತ್ತಿದ್ದ ಆ ಪೆಟ್ಟಿಗೆ ನಮ್ಮ ವೃತ್ತಿಯ ಹೆಮ್ಮೆಯ ಅಧ್ಯಾಯಗಳಲ್ಲಿ ಒಂದು.

ಆದರೆ ಪರದೆಯಿಂದ ಬಂದ ಮಾತು ಅಭ್ಯಾಸವಾಗಬೇಕಾದರೆ ನೋಡುವವನ ಅಂಗಳದಲ್ಲಿ ಅದಕ್ಕೆ ಸಾಕ್ಷಿ ಸಿಗಬೇಕು. ನಾರುಹುಣ್ಣಿನ ವಿಷಯದಲ್ಲಿ ಆ ಸಾಕ್ಷಿ ಸುಲಭವಾಗಿ ಸಿಗುತ್ತಿತ್ತು. ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ, ಬಿಳಿಯ ಚುಕ್ಕಿಯಂತಹ ಸೈಕ್ಲಾಪ್ಸ್ ಚಿಮ್ಮಿ ಚಿಮ್ಮಿ ಓಡಾಡುವುದು ಬರಿಗಣ್ಣಿಗೇ ಕಾಣುತ್ತದೆ. ಭೂತಗನ್ನಡಿ ಇದ್ದರಂತೂ ಇನ್ನೂ ಚೆನ್ನಾಗಿ ಕಾಣುತ್ತದೆ. ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ ಇನ್ನೊಂದು ಲೋಟಕ್ಕೆ ಹಾಕಿದರೆ ಚುಕ್ಕಿಗಳಿಲ್ಲ. 'ಸೋಸಿ ಕುಡಿಯಿರಿ' ಎಂಬ ನೂರು ಮಾತಿಗಿಂತ ಈ ಎರಡು ಲೋಟಗಳು ಹೆಚ್ಚು ಹೇಳುತ್ತವೆ. ಆಜ್ಞೆಯಿಂದ ಬಂದ ಅಭ್ಯಾಸ ಆಜ್ಞಾಪಿಸಿದವನು ಬೆನ್ನು ತಿರುಗಿಸಿದೊಡನೆ ಸಡಿಲವಾಗುತ್ತದೆ. ಕಂಡು ತಿಳಿದು ಬಂದ ಅಭ್ಯಾಸವನ್ನು ತಾಯಿ ತಾನಾಗಿ ಮಗಳಿಗೆ ಕಲಿಸುತ್ತಾಳೆ.

ಹೀಗೆ ವರ್ಷದಿಂದ ವರ್ಷಕ್ಕೆ ಸಂಖ್ಯೆ ಇಳಿಯಿತು. 40 ಸಾವಿರದಿಂದ ನೂರಕ್ಕೆ, ನೂರರಿಂದ ಹತ್ತರ ಒಳಗೆ. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ದೇಶದ ಕೊನೆಯ ಪ್ರಕರಣ ವರದಿಯಾಯಿತು. ಮತ್ತೆ ಮೂರು ವರ್ಷ ಎಚ್ಚರದಿಂದ ಹುಡುಕಿದ ಮೇಲೆ, 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು.

ಕಲಿಕೆ ಮುಗಿಯುವುದಿಲ್ಲ

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆಂದ. ಆದರೆ ಇತಿಹಾಸ ಪೂರ್ತಿ ಹೇಳಬೇಕು. ಮೇಲಿನ ನೀರಿನಲ್ಲಿದ್ದ ಹುಳುವಿನಿಂದ ಜನರನ್ನು ಉಳಿಸಿದ ಕೊಳವೆಬಾವಿ, ಕೆಲವು ಕಡೆ ನೆಲದಾಳದ ಬಂಡೆಯಲ್ಲಿದ್ದ ಫ್ಲೋರೈಡನ್ನು ನೀರಿನೊಡನೆ ಮೇಲೆ ತಂದಿತು. ರಾಯಚೂರು, ಕಲಬುರಗಿ, ಕೊಪ್ಪಳದ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಹಲ್ಲು ಕಂದುಗಟ್ಟುವ, ಮೂಳೆ ಬಿಗಿಯುವ ಫ್ಲೋರೋಸಿಸ್ ತೊಂದರೆ ಹೀಗೆ ಬಂದದ್ದು. ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ಬೇರೆಯೇ ತಿಳಿವಳಿಕೆ ಬೇಕು, ಬೇರೆಯೇ ಉಪಾಯ ಬೇಕು. ಇನ್ನೊಂದೆಡೆ, ಜನ ಇಳಿಯುವುದನ್ನು ಬಿಟ್ಟ ಎಷ್ಟೋ ಹಳೆಯ ಬಾವಿಗಳು ಕಸದ ಗುಂಡಿಗಳಾದವು. ರೋಗ ತಂದದ್ದು ಬಾವಿಯಲ್ಲ, ಅದನ್ನು ಬಳಸುತ್ತಿದ್ದ ರೀತಿ ಎಂಬುದನ್ನು ನೆನಪಿಟ್ಟಿದ್ದರೆ ಆ ಬಾವಿಗಳನ್ನು ಹೂಳು ತೆಗೆದು, ಅಂತರ್ಜಲಕ್ಕೆ ನೀರಿಂಗಿಸುವ ತಾಣಗಳಾಗಿಯಾದರೂ ಉಳಿಸಿಕೊಳ್ಳಬಹುದಿತ್ತು. ಕೆಲವು ಊರುಗಳಲ್ಲಿ ಆ ಕೆಲಸ ಈಗ ಆರಂಭವಾಗಿದೆ ಎಂಬುದು ಸಮಾಧಾನದ ಸಂಗತಿ.

ಜಗತ್ತಿನಲ್ಲೂ ಕೆಲಸ ಪೂರ್ತಿಯಾಗಿಲ್ಲ. 1986ರಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಈ ರೋಗ 2024ರಲ್ಲಿ ಕಂಡದ್ದು 15 ಮಂದಿಯಲ್ಲಿ ಮಾತ್ರ, ಅವರೆಲ್ಲರೂ ಚಾಡ್ ಮತ್ತು ದಕ್ಷಿಣ ಸೂಡಾನ್ ದೇಶಗಳವರು. ಆದರೆ ಆಫ್ರಿಕದ ಕೆಲವೆಡೆ ನಾಯಿಗಳಲ್ಲೂ ಹುಳು ಕಾಣಿಸಿಕೊಂಡಿರುವುದರಿಂದ ಕೊನೆಯ ಹೆಜ್ಜೆ ಕಠಿಣವಾಗಿದೆ. ನಾಯಿಗಳಿಗೆ ಈ ಸೋಂಕು ತಗುಲಬಲ್ಲದೆಂದು ಚಿತ್ರದುರ್ಗದ ಬಾವಿಗಳ ಅಧ್ಯಯನ 1930ರ ದಶಕದಲ್ಲೇ ತೋರಿಸಿಕೊಟ್ಟಿತ್ತಲ್ಲವೇ? ಯಾರೋ ಒಬ್ಬರು ಶ್ರದ್ಧೆಯಿಂದ ಕಲಿತದ್ದು ಎಂಬತ್ತು ವರ್ಷಗಳ ನಂತರ, ಇನ್ನೊಂದು ಖಂಡದಲ್ಲಿ ಪ್ರಸ್ತುತವಾಗುತ್ತದೆ.

ನೀವು ಓದಿನ ಜೊತೆಗೆ ಈ ವಾರ ಎರಡು ಕೆಲಸ ಮಾಡಿ. ಮನೆಯ ಅಥವಾ ನೆರೆಯ ಹಿರಿಯರನ್ನು, 'ನಿಮ್ಮ ಕಾಲದಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು, ಯಾರು ತರುತ್ತಿದ್ದರು, ಯಾರಿಗೆ ಆ ಬಾವಿಗೆ ಹೋಗಲು ಬಿಡುತ್ತಿರಲಿಲ್ಲ' ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹತ್ತಿರದ ಕೆರೆ ಅಥವಾ ಕುಂಟೆಯಿಂದ ಒಂದು ಗಾಜಿನ ಲೋಟ ನೀರು ತಂದು ಬೆಳಕಿಗೆ ಹಿಡಿದು ನೋಡಿ. ಸೈಕ್ಲಾಪ್ಸ್ ಕಂಡರೆ ಹೆದರಬೇಡಿ. ಅದರೊಳಗೆ ಈಗ ನಾರುಹುಳುವಿನ ಮರಿಯಿಲ್ಲ. ನೋಡಿದ ಮೇಲೆ ಕೈಯನ್ನು ಸೋಪು ಹಚ್ಚಿ ತೊಳೆದುಕೊಳ್ಳಿ, ಏಕೆ ತೊಳೆದುಕೊಳ್ಳಬೇಕು ಎಂಬುದನ್ನು ತಮ್ಮನಿಗೋ ತಂಗಿಗೋ ವಿವರಿಸಿ.